ಒಂದೂವರೆ ಲಕ್ಷ ಓಡಿದ ಆಟೋಮ್ಯಾಟಿಕ್‌ಗೆ ಗೇರ್ ಆಯಿಲ್ ಬದಲಿಸಿದ ನನ್ನ ಅನುಭವ

"ಅದನ್ನು ಮುಟ್ಟುದು ಬೇಡ ಮಾರ್ರೆ. ಈಗ ಓಡ್ತಾ ಉಂಟಲ್ಲ, ಓಡ್ಲಿ. ಹೊಸ ಆಯಿಲ್ ಹಾಕಿದ್ರೆ ಗೇರ್ ಸ್ಲಿಪ್ ಆಗ್ಲಿಕ್ಕೆ ಶುರು ಆಗ್ತದೆ."

ಕಾಪುವಿನಿಂದ ಉಡುಪಿಯವರೆಗೆ ನಾನು ವಿಚಾರಿಸಿದ ಮೂರು ಗ್ಯಾರೇಜಿನಲ್ಲೂ ಇದೇ ಮಾತು. ನಾಲ್ಕನೆಯವರು ಮಾತ್ರ ನನ್ನನ್ನೇ ಒಂದು ಪ್ರಶ್ನೆ ಕೇಳಿದರು: "ಈಗ ಒಳಗೆ ಇರುವ ಆಯಿಲ್ ಹೇಗುಂಟು, ನೋಡಿದ್ದೀರಾ?" ನಾನು ನೋಡಿರಲಿಲ್ಲ. ಅಲ್ಲಿಂದ ಈ ಕೆಲಸ ಶುರುವಾಯಿತು.

ಕಾರು 2011ರ ಸೆಡಾನ್. ಪೆಟ್ರೋಲ್, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಐದು ಗೇರಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರಿನಲ್ಲಿ 1,12,000 ಕಿ.ಮೀ. ಇತ್ತು. ಹಿಂದಿನವರು ಕೊಟ್ಟ ಬಿಲ್ಲಿನ ಕಟ್ಟಿನಲ್ಲಿ ಎಂಜಿನ್ ಆಯಿಲ್ ಇದೆ, ಬ್ರೇಕ್ ಪ್ಯಾಡ್ ಇದೆ, ಟಯರ್ ಇದೆ. ಗೇರ್‌ಬಾಕ್ಸ್ ಆಯಿಲಿನದ್ದು ಒಂದು ಬಿಲ್ಲೂ ಇಲ್ಲ. ನನ್ನ ಮನೆ ಕಟಪಾಡಿ, ಕೆಲಸ ಮಂಗಳೂರು. ಹೋಗಿ ಬರುವುದೇ ದಿನಕ್ಕೆ ತೊಂಬತ್ತು ಕಿಲೋಮೀಟರ್ ದಾಟುತ್ತದೆ. ಒಂದೂವರೆ ವರ್ಷದಲ್ಲಿ ಮೀಟರ್ 1,46,000ಕ್ಕೆ ಬಂತು.

ಆ ಹೊತ್ತಿಗೆ ಎರಡು ವಿಷಯ ಗಮನಕ್ಕೆ ಬಂದಿತ್ತು. ಬೆಳಿಗ್ಗೆ ಶೆಡ್ಡಿನಿಂದ ತೆಗೆಯುವಾಗ ಲಿವರನ್ನು ರಿವರ್ಸಿಗೆ ಹಾಕಿದರೆ ಗೇರ್ ಹಿಡಿಯಲು ಎರಡು ಸೆಕೆಂಡ್ ಬೇಕಾಗುತ್ತಿತ್ತು. ಮತ್ತೆ ಕೂಳೂರು ಸೇತುವೆ ದಾಟಿ ನಂತೂರಿನ ಟ್ರಾಫಿಕ್‌ಗೆ ಬಂದಾಗ, ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಒಂದು ಸಣ್ಣ ಜರ್ಕ್. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವಷ್ಟು ಅಲ್ಲ. ದಿನಾ ಓಡಿಸುವವನಿಗೆ ಗೊತ್ತಾಗುತ್ತದೆ, ಅಲ್ವಾ?

ಈ ಆಯಿಲ್ ಎಂತ ಮಾಡುತ್ತದೆ ಎಂದು ಮೊದಲು ಹೇಳಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಸುವ ಕೆಲಸಕ್ಕೆ ಇರುವುದಲ್ಲ. ಎಂಜಿನ್ನಿನ ಬಲ ಟಾರ್ಕ್ ಕನ್ವರ್ಟರಿನಲ್ಲಿ ದಾಟುವುದು ಆಯಿಲ್ ಮೂಲಕ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಅದೇ ಆಯಿಲಿನ ಪ್ರೆಶರ್. ಬಿಸಿಯನ್ನು ಕೂಲರಿಗೆ ಹೊತ್ತುಕೊಂಡು ಹೋಗುವುದೂ ಅದೇ. ಒಂದೇ ಆಯಿಲ್ ಬೇರಿಂಗಿನಲ್ಲಿ ಜಾರಬೇಕು, ಕ್ಲಚ್ಚಿನಲ್ಲಿ ಸರಿಯಾದ ಹದದಲ್ಲಿ ಹಿಡಿಯಬೇಕು. ಆ ಹದಕ್ಕಾಗಿ ಹಿಂದೆ ಇದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದು ನಿಂತದ್ದು 1970ರ ದಶಕದಲ್ಲಿ. ಈಗ ಆ ಕೆಲಸಕ್ಕೆ ಬೇರೆ ರಾಸಾಯನಿಕ ಹಾಕುತ್ತಾರೆ. ಬಿಸಿ ತಿಂದು ತಿಂದು ಅವು ಸವೆಯುತ್ತವೆ. ನಿಂತು ನಿಂತು ಹೋಗುವ ಟ್ರಾಫಿಕ್ಕು, ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ತುಂಬಿದ ಕಾರು, ಏಸಿ, ಎಲ್ಲವೂ ಬಿಸಿ ಹೆಚ್ಚಿಸುವಂಥವೇ.

ಕೆಲವು ಕಂಪೆನಿಗಳು ಈ ಆಯಿಲ್ ಗಾಡಿಯ ಆಯುಷ್ಯದವರೆಗೆ ಸಾಕು ಎನ್ನುತ್ತವೆ. ಆದರೆ ದೊಡ್ಡ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪೆನಿಯೇ, ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವಾದರೆ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಗೇರ್‌ಬಾಕ್ಸ್ ಮಾಡುವವರ ಮಾತನ್ನೇ ನಾನು ನಂಬುತ್ತೇನೆ.

ಹಾಗಾದರೆ ಗ್ಯಾರೇಜಿನವರ ಹೆದರಿಕೆ ಸುಮ್ನೆಯಾ? ಸುಮ್ನೆ ಅಲ್ಲ. ಕ್ಲಚ್ ಪ್ಲೇಟಿನಿಂದ ಉದುರಿದ ಪುಡಿ ಹಳೇ ಆಯಿಲಿನಲ್ಲಿ ತೇಲುತ್ತಿರುತ್ತದೆ. ಪ್ಲೇಟ್ ಪೂರ್ತಿ ಸವೆದ ಗಾಡಿಯಲ್ಲಿ ಆ ಪುಡಿಯೇ ಅಷ್ಟಿಷ್ಟು ಹಿಡಿತ ಕೊಡುತ್ತಿರುತ್ತದೆ ಎನ್ನುವುದು ಅವರ ವಾದ. ಇರಬಹುದು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಕಾರು ಎರಡು ಲಕ್ಷ ದಾಟಿತ್ತು. ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಕಾರು ಮುಂದೆ ಹೋಗುತ್ತಿರಲಿಲ್ಲ. ಆಗ ಆಯಿಲ್ ಬದಲಿಸಿದರು. ತಿಂಗಳೊಳಗೆ ಗೇರ್‌ಬಾಕ್ಸ್ ಕೂತಿತು. "ಹೊಸ ಆಯಿಲ್ ಹಾಕಿಯೇ ಹಾಳಾದದ್ದು" ಎಂದು ಅವರು ಇವತ್ತಿಗೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಅದು ಮೊದಲೇ ಹೋಗಿತ್ತು. ಹೋಗುತ್ತಿರುವ ಗೇರ್‌ಬಾಕ್ಸಿಗೇ ಜನ ಆಯಿಲ್ ಬದಲಿಸುತ್ತಾರೆ, ಆಮೇಲೆ ಹೆಸರು ಆಯಿಲಿಗೆ ಬರುತ್ತದೆ. ಗೇರ್ ಹೀಗೆ ಈಗಾಗಲೇ ಸ್ಲಿಪ್ ಆಗುತ್ತಿದ್ದರೆ ಬರೀ ಆಯಿಲಿಗೆ ದುಡ್ಡು ಹಾಕಬೇಡಿ, ಮೊದಲು ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಸ್ಲಿಪ್ ಇಲ್ಲ, ಸಣ್ಣ ಜರ್ಕ್ ಮಾತ್ರ ಇದೆ ಎಂದಾದರೆ ಬದಲಿಸಲು ಇನ್ನೂ ಸಮಯ ಇದೆ.

ನನ್ನದು ಯಾವ ಸ್ಥಿತಿ ಎಂದು ತಿಳಿಯಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ತೆಗೆದೆ. ಬಿಳಿ ಕಾಗದದ ಮೇಲೆ ಎರಡು ಹನಿ ಬಿಟ್ಟು ಹತ್ತು ನಿಮಿಷ ಕಾದೆ. ಹೊಸ ಆಯಿಲ್ ದಾಳಿಂಬೆ ರಸದ ಹಾಗೆ ಕೆಂಪಾಗಿರುತ್ತದೆ. ನನ್ನದು ಕಷಾಯದ ಬಣ್ಣ. ಆದರೂ ಹನಿ ಅಂಚಿನವರೆಗೆ ಒಂದೇ ಸಮ ಹರಡಿತು, ನಡುವೆ ಕಪ್ಪು ಗಸಿ ಉಳಿಯಲಿಲ್ಲ. ಮೂಸಿದೆ, ಸುಟ್ಟ ವಾಸನೆ ಇಲ್ಲ. ಬೆರಳಲ್ಲಿ ಉಜ್ಜಿದೆ, ತರಿ ಇಲ್ಲ. ನಾಲ್ಕನೇ ಗ್ಯಾರೇಜಿನ ಅಣ್ಣನಿಗೆ ಕಾಗದ ತೋರಿಸಿದೆ. "ಹಳತಾಗಿದೆ, ಹಾಳಾಗ್ಲಿಲ್ಲ. ಧೈರ್ಯದಲ್ಲಿ ಮಾಡಿ. ಮಿಷನಿಗೆ ಮಾತ್ರ ಕೊಡ್ಬೇಡಿ" ಎಂದರು.

ನಮ್ಮ ಕರಾವಳಿಯವರು ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲೋ ಪಡೀಲಿನ ಅಂಡರ್‌ಪಾಸಿನಲ್ಲೋ ನೀರಿಗೆ ಇಳಿಸಿದ ಗಾಡಿಯಾದರೆ, ಗೇರ್‌ಬಾಕ್ಸಿನ ಗಾಳಿ ಕೊಳವೆಯಿಂದ ನೀರು ಒಳಗೆ ಹೋಗಿರಬಹುದು. ಆಗ ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕಿನ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರೇಡಿಯೇಟರ್ ಒಳಗಿನ ಕೂಲರ್ ತೂತಾದರೂ ಹೀಗೇ ಆಗುತ್ತದೆ. ಈ ಬಣ್ಣ ಕಂಡರೆ ಗಾಡಿ ಸ್ಟಾರ್ಟ್ ಕೂಡ ಮಾಡದೆ ಟೋ ಮಾಡಿಸಿ.

ಮಿಷನ್ ಎಂದರೆ, ಆಯಿಲನ್ನು ಒತ್ತಡದಲ್ಲಿ ದೂಡಿ ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವ ಫ್ಲಶ್. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಗಸಿ ಆ ರಭಸಕ್ಕೆ ಎದ್ದು ಸಣ್ಣ ವಾಲ್ವುಗಳಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ನಾನು ಆರಿಸಿದ್ದು ನಿಧಾನದ ದಾರಿ: ಕೆಳಗಿನ ಬೋಲ್ಟ್ ಬಿಚ್ಚಿ ಬಂದಷ್ಟು ಇಳಿಸುವುದು, ಅಷ್ಟೇ ಹೊಸದು ಹಾಕುವುದು, ಒಂದು ಸಾವಿರದೈನೂರು ಕಿಲೋಮೀಟರ್ ಓಡಿಸಿ ಮತ್ತೆ ಅದನ್ನೇ ಮಾಡುವುದು. ನನ್ನ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು ಆರು ಲೀಟರ್. ಬೋಲ್ಟ್ ಬಿಚ್ಚಿದರೆ ಬರುವುದು ಎರಡೂವರೆ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ, ಕೂಲರ್ ಪೈಪಿನಲ್ಲಿ ನಿಂತುಬಿಡುತ್ತದೆ. ಲೆಕ್ಕ ಹಾಕಿದರೆ ಮೊದಲ ಸಲಕ್ಕೆ ಶೇ. 42ರಷ್ಟು ಹೊಸದು, ಎರಡನೇ ಸಲಕ್ಕೆ 66, ಮೂರನೇ ಸಲಕ್ಕೆ 80. ಅಷ್ಟು ಸಾಕು.

ಆಯಿಲ್ ಯಾವುದು ಎಂಬಲ್ಲಿ ಚೌಕಾಸಿ ಮಾಡಲಿಲ್ಲ. ಕಾರಿನ ಪುಸ್ತಕದಲ್ಲಿ ಬರೆದ ಹೆಸರಿನದ್ದೇ ತಂದೆ. ನಾವು ಆಟೋಮ್ಯಾಟಿಕ್ ಎಂದು ಒಂದೇ ಹೆಸರಲ್ಲಿ ಕರೆಯುವುದರಲ್ಲಿ ನಾಲ್ಕು ಜಾತಿ ಉಂಟು. ನನ್ನದು ಟಾರ್ಕ್ ಕನ್ವರ್ಟರಿನದ್ದು. ಗೇರಿನ ಬದಲು ಬೆಲ್ಟಿನಲ್ಲಿ ಓಡುವ ಸಿವಿಟಿಗೆ ಅದರದ್ದೇ ಆಯಿಲ್, ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ಚಿಗೆ ಅದರದ್ದೇ, ಮ್ಯಾನ್ಯುವಲ್ ಗೇರ್‌ಬಾಕ್ಸಿಗೇ ತಾನಾಗಿ ಗೇರ್ ಬದಲಿಸುವ ಯಂತ್ರ ಕೂರಿಸಿದ ಎಎಂಟಿಗೆ ಮ್ಯಾನ್ಯುವಲ್ ಕಾರಿನ ಗೇರ್ ಆಯಿಲ್. ಸಿವಿಟಿಗೆ ಬೇರೆ ಆಯಿಲ್ ಸುರಿದರೆ ಅದರ ಬೆಲ್ಟ್ ಉಳಿಯುವುದಿಲ್ಲ. ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳೂ ಜಾಸ್ತಿ. ಅವುಗಳಲ್ಲಿ ಆಯಿಲ್ ಇಂತಿಷ್ಟೇ ಬಿಸಿ ಇರುವಾಗ ಲೆವೆಲ್ ನೋಡಬೇಕು, ಅದಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಸಹಾಯಕ್ಕೆ ಹೆಂಡತಿಯ ತಮ್ಮ ಬಂದಿದ್ದ. ಶಂಕರಪುರದವರೆಗೆ ಒಂದು ಸುತ್ತು ಹೋಗಿ ಬಂದು, ಕೈ ಸುಡದಷ್ಟು ಆರಲು ಬಿಟ್ಟೆವು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದರಿಂದ ನೆಲ ಮಟ್ಟವಾಗಿತ್ತು. ಮುಂಭಾಗ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ಹೋಗಬೇಡಿ.

ನಾನು ನೇರ ಕೆಳಗಿನ ಬೋಲ್ಟಿಗೆ ಕೈ ಹಾಕಿದೆ. ಅವನು ತಡೆದ. "ಭಾವ, ಮೇಲಿಂದು ಮೊದಲು ಬಿಚ್ಚಿ. ಆಯಿಲ್ ಎಲ್ಲ ಇಳಿದ ಮೇಲೆ ಮೇಲಿಂದು ಬರದಿದ್ರೆ ಎಂತ ಮಾಡುದು?" ಸರಿಯಾದ ಮಾತು. ಆಯಿಲ್ ಹಾಕುವ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿತ್ತು. ಸಮುದ್ರ ಇರುವುದು ನಾಲ್ಕೈದು ಕಿಲೋಮೀಟರಿನಲ್ಲಿ, ಉಪ್ಪು ಗಾಳಿ ಯಾವ ಬೋಲ್ಟನ್ನೂ ಬಿಡುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಚಹಾ ಕುಡಿದು ಬಂದು, ಉದ್ದ ಹಿಡಿಯ ಪಾನಾ ಹಾಕಿ ಒತ್ತಿದಾಗ 'ಟಕ್' ಎಂದು ಬಿಟ್ಟುಕೊಂಡಿತು.

ಆಮೇಲೆ ಕೆಳಗಿನದ್ದು. ಅದರ ತಲೆಯಲ್ಲಿ ಚೌಕದ ಗುಳಿ ಇದೆ, ಸಾಕೆಟ್ ಹಾಕದೆ ರ್‍ಯಾಚೆಟ್ಟಿನ ತುದಿಯೇ ಅಲ್ಲಿ ಕೂರುತ್ತದೆ. ಐದು ಲೀಟರಿನ ನೀರಿನ ಕ್ಯಾನ್ ಕತ್ತರಿಸಿ, ಮೊದಲೇ ನೀರು ಅಳೆದು ಹಾಕಿ ಲೀಟರಿನ ಗೆರೆ ಎಳೆದಿಟ್ಟಿದ್ದೆ. ಬೋಲ್ಟ್ ಕೈಗೆ ಬರುತ್ತಲೇ ಕಡುಕಂದು ಆಯಿಲ್ ಧಾರೆಯಾಗಿ ಬಂತು. ಆ ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದರ ಮೇಲೆ ಅರ್ಧ ಇಂಚು ಬೂದು ಬಣ್ಣದ ಪೇಸ್ಟ್, ಕಾಡಿಗೆಯಷ್ಟು ನುಣ್ಣಗೆ. ಬೆರಳಿಗೆ ತಗೊಂಡು ಬಿಸಿಲಿಗೆ ಹಿಡಿದು ನೋಡಿದೆ. ನುಣ್ಣನೆ ಪೇಸ್ಟ್ ಆದರೆ ಸಹಜ ಸವಕಳಿ. ಚೂರು, ಚಕ್ಕೆ, ಸೂಜಿಯಂಥದ್ದು ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೋಗುತ್ತಿದ್ದೆ. ಒಂದೂ ಸಿಗಲಿಲ್ಲ. ಆ ಹೊತ್ತಿಗೆ ನನಗೆ ಆದ ಸಮಾಧಾನ ದೊಡ್ಡದು.

ಅರ್ಧ ಗಂಟೆ ಹನಿಯಲು ಬಿಟ್ಟು ಅಳೆದಾಗ 2.4 ಲೀಟರ್. ಹಳೇ ವಾಷರ್ ಎಸೆದು ಹೊಸ ಅಲ್ಯೂಮಿನಿಯಂ ವಾಷರ್ ಹಾಕಿ ಬಿಗಿ ಮಾಡಿದೆ. ಹೊಸ ಆಯಿಲೂ ಸರಿಯಾಗಿ 2.4 ಲೀಟರ್, ಉದ್ದ ಪೈಪಿನ ಲಾಳಿಕೆಯಲ್ಲಿ ನಿಧಾನಕ್ಕೆ. ಕಾರು ಇಳಿಸಿ, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಎಲ್ಲಾ ಸ್ಥಾನಕ್ಕೂ ಒಂದೊಂದು ಸಲ ಹಾಕಿದೆ. ಕಾಪುವರೆಗೆ ಓಡಿಸಿ ಬಿಸಿ ಮಾಡಿ ಲೆವೆಲ್ ನೋಡಿದೆ. ನನ್ನ ಕಾರಿನಲ್ಲಿ ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದ ಒಳಗೆ ನೋಡಬೇಕು, ಕೆಲವು ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಪುಸ್ತಕ ಓದದೆ ಲೆವೆಲ್ ನೋಡಿದರೆ ತಪ್ಪು ಲೆಕ್ಕ ಸಿಗುತ್ತದೆ. ಕಡಿಮೆಯಾದರೆ ಕೆಟ್ಟದ್ದು, ಜಾಸ್ತಿಯಾದರೂ ನೊರೆ ಬಂದು ಕೆಡುತ್ತದೆ.

ಎರಡನೇ ಸಲ 1,47,500ಕ್ಕೆ, ಮೂರನೆಯದು 1,49,000ಕ್ಕೆ. ಅವೆರಡೂ ಮುಕ್ಕಾಲು ಗಂಟೆಯ ಕೆಲಸ. ಮೊದಲ ಸಲ ಆದಮೇಲೆ ಏನೂ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಎರಡನೆಯದರ ನಂತರ ಬೆಳಗಿನ ರಿವರ್ಸ್ ಕೂಡಲೇ ಹಿಡಿಯಲು ಶುರುವಾಯಿತು. ಮೂರರ ನಂತರ ನಂತೂರಿನ ಜರ್ಕ್ ಹೋಯಿತು. ತುಂಬಾ ಬಿಸಿಲಲ್ಲಿ, ಸಂಜೆಯ ಟ್ರಾಫಿಕ್ಕಲ್ಲಿ ಯಾವಾಗಲೋ ಒಮ್ಮೆ ಇನ್ನೂ ಸ್ವಲ್ಪ ಗೊತ್ತಾಗುತ್ತದೆ. ಮೈಲೇಜ್ ಇದ್ದಷ್ಟೇ ಇದೆ. ಮೂರು ಸಲದ ಆಯಿಲ್, ವಾಷರ್ ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು.

ಹಳೇ ಆಯಿಲ್ ಏಳು ಲೀಟರ್ ಮೇಲೆ ಆಯಿತು. ಅದನ್ನು ತೋಡಿಗೋ ತೆಂಗಿನ ಬುಡಕ್ಕೋ ಸುರಿಯುವವರನ್ನು ಕಂಡಿದ್ದೇನೆ. ನಮ್ಮಲ್ಲಿ ಎಲ್ಲರ ಮನೆಗೂ ಬಾವಿಯ ನೀರು, ತೋಡು ಹೋಗಿ ಸೇರುವುದು ಹೊಳೆಗೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಕ್ಯಾನಿನಲ್ಲಿ ತುಂಬಿಸಿ ಆ ನಾಲ್ಕನೇ ಗ್ಯಾರೇಜಿಗೆ ಕೊಟ್ಟೆ. ಅವರು ವೇಸ್ಟ್ ಆಯಿಲ್ ಬ್ಯಾರಲಿಗೆ ಹಾಕುತ್ತಾರೆ, ಅದನ್ನು ಒಯ್ಯುವವರು ಬರುತ್ತಾರೆ.

ಪ್ರತಿ ಸಲದ ಆಯಿಲಿನಿಂದ ಒಂದೊಂದು ಸಣ್ಣ ಬಾಟಲಿ ಮಾತ್ರ ಉಳಿಸಿಕೊಂಡಿದ್ದೇನೆ. ಶೆಡ್ಡಿನ ಕಿಟಕಿಯಲ್ಲಿ ಸಾಲಾಗಿವೆ: ಕಷಾಯದ ಬಣ್ಣ, ಆಮೇಲೆ ಪುನರ್ಪುಳಿ ಶರಬತ್ತು ಹಳತಾದಂಥ ಬಣ್ಣ, ಆಮೇಲೆ ಕೆಂಪು. ಈಗ ಮೀಟರ್ 1,78,000. ಮುಂದಿನದ್ದು 1,89,000ಕ್ಕೆ, ಒಂದೇ ಸಲ. ಅದಕ್ಕಿಂತ ಮೊದಲು ಹೆಂಡತಿಯ ತಮ್ಮನ ಸಿವಿಟಿ ಕಾರು ಉಂಟು, 95,000 ಓಡಿದೆ. ಅದರ ಪುಸ್ತಕ ಓದಿ ಆಯಿಲ್ ತರಿಸಿಟ್ಟಿದ್ದೇವೆ. ಮಳೆ ಬಿಟ್ಟ ಮೊದಲ ಭಾನುವಾರ ಅವನು ಬರುತ್ತಾನೆ.