ಪಾಳು ಆಲೆಮನೆಯಲ್ಲಿ ಹಾರರ್ ಶೂಟಿಂಗ್: ನನ್ನ ಅನುಭವ

ಹಾರರ್ ಶಾರ್ಟ್ ಫಿಲಂ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಹುಡುಕೋಕೆ ಹೊರಟಿದ್ದು ಪಾಳು ಬಂಗಲೆ. ಮಂಡ್ಯದ ಸುತ್ತ ಬಂಗಲೆ ಎಲ್ಲಿಂದ ತರೋದು? ನಮ್ಮ ಕಡೆ ಪಾಳು ಬಿದ್ದಿರುವುದು ಅಂದ್ರೆ ಆಲೆಮನೆಗಳು. ಆಳು ಸಿಗದೆ, ಬೆಲ್ಲಕ್ಕೆ ಬೆಲೆ ಸಿಗದೆ ಗಾಣ ನಿಲ್ಲಿಸಿದವರು ಬೇಕಾದಷ್ಟು ಜನ ಇದ್ದಾರೆ. ನಾಲೆ ಏರಿಯ ಪಕ್ಕ ಅಂಥದ್ದೇ ಒಂದು ಸಿಕ್ಕಿತು.

ಬೀಗ ಒಡೆದು ನುಗ್ಗುವುದೆಲ್ಲ ಸಿನಿಮಾದೊಳಗೆ ಚೆನ್ನ. ನಾವು ಮಾಲೀಕರ ಮನೆಗೇ ಹೋಗಿ ಕೇಳಿದೆವು. ಎಲೆಅಡಿಕೆ ಹಾಕುತ್ತಾ ಕೂತಿದ್ದ ಅವರು ಹೇಳಿದ್ದು ಇಷ್ಟೇ: "ದೆವ್ವಗಿವ್ವ ಏನಿಲ್ಲ ಕಣಪ್ಪ. ಹಾವವೆ, ನೋಡ್ಕಂಡು ಕಾಲಿಡಿ. ಹಿಂದ್ಗಡೆ ಬಾವಿ ಐತೆ, ಅದಕ್ಕೆ ಕಟ್ಟೆ ಇಲ್ಲ."

ಹಗಲಲ್ಲೇ ಎರಡು ಸಲ ಹೋಗಿ ಬಂದೆವು. ಯಾವ ತೊಲೆ ಗೆದ್ದಲು ಹಿಡಿದಿದೆ, ಯಾವ ಹೆಂಚು ಜಾರುತ್ತೆ ಎಲ್ಲ ನೋಡಿಕೊಂಡೆವು. ಬಾವಿಯ ಸುತ್ತ ಸುಣ್ಣದ ಪುಡಿಯಲ್ಲಿ ದಪ್ಪ ಗೆರೆ ಎಳೆದೆವು. ಎಲ್ಲರಿಗೂ ಗಂಬೂಟು. ಒಳಗೆ ಒಲೆಯ ಗುಂಡಿ ಬಾಯಿ ತೆರೆದು ಬಿದ್ದಿತ್ತು. ಮೂಲೆಯಲ್ಲಿ ತೂತು ಬಿದ್ದ ಕೊಪ್ಪರಿಗೆ ಮಗುಚಿ ಹಾಕಿದ್ದರು. ಗೋಡೆಗೆ ಅಂಟಿದ್ದ ಹಳೇ ಪಾಕ ಟಾರಿನ ಹಾಗೆ ಕಪ್ಪಾಗಿತ್ತು. ಬೆರಳಿಟ್ಟರೆ ಈಗಲೂ ಅಂಟು, ಅದರ ಮೇಲೆ ಕಟ್ಟಿರುವೆಯ ಸಾಲು.

ಮೊದಲ ರಾತ್ರಿ ಪೂರ್ತಿ ದಂಡ. ಎರಡು ದೊಡ್ಡ ಲೈಟು, ಸಾಂಬ್ರಾಣಿ ಹೊಗೆ, ಬಿಳಿ ಸೀರೆ ಉಟ್ಟು ಕೂದಲು ಬಿಟ್ಟ ಹುಡುಗಿ. ಬೆಳಿಗ್ಗೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗಣೇಶನ ಹಬ್ಬದ ಸ್ಟೇಜಿನ ವೇಷ! ನಾವೇ ಬಿದ್ದು ಬಿದ್ದು ನಕ್ಕೆವು. ಒಂದು ಬಾಡಿಗೆ ಲೈಟಂತೂ ಮಧ್ಯದಲ್ಲೇ ಮಿಣುಕಲು ಶುರು ಮಾಡಿ ಅರ್ಧ ಶಾಟುಗಳನ್ನು ಹಾಳು ಮಾಡಿತ್ತು.

ತಪ್ಪು ಲೈಟಿನದಲ್ಲ, ಕತೆಯದು. ಪಾತ್ರಗಳೇ ಕ್ಯಾಮೆರಾ ಹಿಡಿದು ಪಾಳು ಜಾಗಕ್ಕೆ ನುಗ್ಗುವ ಸಿನಿಮಾಗಳಲ್ಲಿ ನೋಡುವವನ ತಲೆಗೆ ಬರುವ ಮೊದಲ ಪ್ರಶ್ನೆ, "ಇಷ್ಟೆಲ್ಲ ಆಗ್ತಿದೆ, ಇವನು ಯಾಕೆ ಇನ್ನೂ ಶೂಟ್ ಮಾಡ್ತಿದ್ದಾನೆ?" ಇದಕ್ಕೆ ಉತ್ತರ ಇಲ್ಲದಿದ್ದರೆ ಭಯ ನಿಲ್ಲಲ್ಲ. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'ನಲ್ಲಿ ನಟರ ಕೈಗೇ ಕ್ಯಾಮೆರಾ ಕೊಟ್ಟು ಕಾಡಿಗೆ ಬಿಟ್ಟಿದ್ದರು. ಸುಮಾರು 8 ದಿನದಲ್ಲಿ ಶೂಟಿಂಗ್ ಮುಗಿದಿತ್ತು. ಅದರಲ್ಲಿ ಅವರು ಡಾಕ್ಯುಮೆಂಟರಿ ಮಾಡಲು ಬಂದ ವಿದ್ಯಾರ್ಥಿಗಳು. 2018ರ ಕೊರಿಯನ್ ಸಿನಿಮಾ 'ಗೊಂಜಿಯಾಂ'ನಲ್ಲಿ ಪಾಳು ಆಸ್ಪತ್ರೆಯಿಂದ ಲೈವ್ ಮಾಡಿ ದುಡ್ಡು ಮಾಡುವ ಆಸೆ. ಅಂದಹಾಗೆ, ಅದನ್ನು ತೆಗೆದಿದ್ದು ದೆವ್ವದ ಹೆಸರಿದ್ದ ನಿಜವಾದ ಗೊಂಜಿಯಾಂ ಆಸ್ಪತ್ರೆಯಲ್ಲಲ್ಲ, ಬುಸಾನ್‌ನ ಮುಚ್ಚಿದ ಶಾಲೆಯೊಂದರಲ್ಲಿ. ದೆವ್ವದ ಖ್ಯಾತಿ ಇರುವ ಜಾಗವೇ ಬೇಕು ಅಂತ ಅಲೆಯುವವರಿಗೆ ನಾನು ಇದನ್ನೇ ಹೇಳುವುದು.

ನಮಗೆ ಉತ್ತರ ಸಿಕ್ಕಿದ್ದು ಆ ಮಗುಚಿದ ಕೊಪ್ಪರಿಗೆಯಿಂದ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನಿಂದ ಬಂದ ಮಗ, ಕೊಪ್ಪರಿಗೆಯನ್ನು ಗುಜರಿಗೆ ಹಾಕಬೇಕು ಅಂತ ವಿಡಿಯೋ ಕಾಲ್‌ನಲ್ಲಿ ಗುಜರಿಯವನಿಗೆ ತೋರಿಸುತ್ತಾನೆ. ಬೆಳಿಗ್ಗೆ ಬಸ್ಸಿಗೆ ಹೊರಡಬೇಕು, ಅದಕ್ಕೇ ರಾತ್ರಿ. ಫೋನ್ ಎತ್ತಿ ಹಿಡಿಯೋಕೆ ಕಾರಣ ಇದೆ, ಇಳಿಸೋ ಹಾಗಿಲ್ಲ. ಗುಜರಿಯವನು, "ಸ್ವಲ್ಪ ಹತ್ರ ತೋರ್ಸಿ ಸಾರ್... ಆ ಕಡೆ ತಿರುಗ್ಸಿ..." ಅನ್ನುತ್ತಲೇ ಇರುತ್ತಾನೆ. ಆಮೇಲೆ ಮಾಮೂಲಿ ದನಿಯಲ್ಲೇ, "ಪಕ್ಕದಲ್ಲಿ ಕೂತಿರೋರು ನಿಮ್ಮ ತಂದೆಯವ್ರಾ ಸಾರ್?" ಅಷ್ಟೇ. ನಾವು ಯಾರನ್ನೂ ತೋರಿಸಲಿಲ್ಲ. ಬಿಳಿ ಸೀರೆ ವಾಪಸ್ ಪೆಟ್ಟಿಗೆ ಸೇರಿತು.

ಎರಡನೇ ರಾತ್ರಿ ಒಂದೇ ಫೋನು, ಅದರದ್ದೇ ಫ್ಲ್ಯಾಶು. ಬೆಳಕು ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿದೆವು. ಇಲ್ಲದಿದ್ದರೆ ಕತ್ತಲು ಬಂದಾಗಲೆಲ್ಲ ಫೋನ್ ತಾನೇ ಬೆಳಕು ಏರಿಸಿ ಚಿತ್ರದ ತುಂಬ ರವೆಯಂಥ ಚುಕ್ಕೆ ಚೆಲ್ಲುತ್ತೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಸಲ ಏರಿಳಿಯುತ್ತೆ. ಹಾಗಾಗಿ ಹೊರಗಿನ ಬಲ್ಬು ಕಾಣುವ ಶಾಟಿಗೆ ಶಟರ್ 1/50 ಸೆಕೆಂಡಿನಲ್ಲಿ ಇಟ್ಟರೆ ಮಿಣುಕಾಟ ಇರಲ್ಲ. ಮೊದಲ ರಾತ್ರಿ ಇದೂ ಗೊತ್ತಿರಲಿಲ್ಲ.

ಭಯ ಹುಟ್ಟಿದ್ದು ಮಾತ್ರ ಸೌಂಡಿನಲ್ಲಿ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ಎರಡು ನಿಮಿಷ ಸುಮ್ನೆ ರೆಕಾರ್ಡ್ ಮಾಡಿದೆವು. ಗದ್ದೆಯ ಕಪ್ಪೆ, ಜೀರುಂಡೆ, ನಾಲೆಯ ನೀರು. ಊರಲ್ಲಿ ಬೆಳೆದವರಿಗೆ ಗೊತ್ತು, ಯಾರಾದರೂ ಹತ್ತಿರ ಬಂದರೆ ಜೀರುಂಡೆ ತಟ್ಟನೆ ನಿಲ್ಲುತ್ತೆ. ಗುಜರಿಯವನ ಆ ಪ್ರಶ್ನೆಗೆ ನಾಲ್ಕು ಸೆಕೆಂಡ್ ಮೊದಲು ಜೀರುಂಡೆ ಸದ್ದನ್ನು ಪೂರ್ತಿ ತೆಗೆದೆ. ಕೊಪ್ಪರಿಗೆಗೆ ಬೆರಳ ಗೆಣ್ಣಿನಿಂದ ತಟ್ಟಿದ ಸದ್ದನ್ನು ಅದರ ಹಿಂದೆ ಇಟ್ಟೆ.

ಇನ್ನೊಂದು ಸದ್ದು ಪುಕ್ಕಟೆ ಸಿಕ್ಕಿತು. ತೊಲೆ ಮೇಲಿಂದ ಯಾರೋ ಹಲ್ಲು ಕಚ್ಚಿ ಬುಸುಗುಟ್ಟಿದ ಹಾಗೆ. ಹಾವು ಅಂತ ಮೂರು ಜನ ಹೊರಗೋಡಿದರು. ಟಾರ್ಚ್ ಬಿಟ್ಟರೆ ಹೃದಯದಾಕಾರದ ಬಿಳಿ ಮುಖ! ಕಣಜ ಗೂಬೆ. ಇದು ಸಿನಿಮಾ ಗೂಬೆಗಳ ಹಾಗೆ ಗೂ ಗೂ ಅನ್ನಲ್ಲ, ಕಿರುಚುತ್ತೆ, ಬುಸುಗುಟ್ಟುತ್ತೆ. ಅದಕ್ಕೆ ತೊಂದರೆ ಕೊಡದೆ ಆ ಮೂಲೆ ಬಿಟ್ಟೆವು, ಸದ್ದು ಮಾತ್ರ ಇಟ್ಟುಕೊಂಡೆವು.

ಒಂಬತ್ತು ನಿಮಿಷದ ಸಿನಿಮಾ. ಗೆಳೆಯನ ಮನೆಯ ಟೆರೇಸಿನಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದೆವು. ಗುಜರಿಯವನ ಪ್ರಶ್ನೆಗೆ ನನ್ನ ಅಕ್ಕ ಪಕ್ಕದವರ ಕೈ ಹಿಡಿದುಕೊಂಡಳು. ಕೊನೆಯಲ್ಲಿ ಮಗನ ಪಾತ್ರದಲ್ಲಿ ನಾನು ಹಿತ್ತಲಿಗೆ ಓಡುವ ಸೀನು ಬಂದಾಗ ಆಲೆಮನೆ ಮಾಲೀಕರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ನನಗೆ ಒಳಗೊಳಗೇ ಖುಷಿ. ಮುಗಿದ ಮೇಲೆ ಹೋಗಿ, "ಭಯ ಆಯ್ತಾ ಗೌಡ್ರೇ?" ಅಂತ ಕೇಳಿದೆ.

"ಆಗದೆ ಇರ್ತದಾ? ಸುಣ್ಣದ ಗೆರೆ ದಾಟೇಬುಟ್ಟಿದ್ದೆ ಕಣಪ್ಪ ನೀನು!"