ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಆರು ಇಂಚಿನ ಕನ್ನಡಿ ಮತ್ತು ಐಸಿ 443

ಚಿಕ್ಕಬಳ್ಳಾಪುರದ ಊರೊಳಗಿನ ಹಿತ್ತಲಿನಿಂದ ದೂರದರ್ಶಕದಲ್ಲಿ ಮಸುಕು ನೀಹಾರಿಕೆಗಳ, ಅಂದರೆ ಆಕಾಶದ ಅನಿಲ ಮೋಡಗಳ, ಚಿತ್ರ ತೆಗೆಯಲಾಗದು ಎಂದು ನನಗೆ ಹೇಳಿದವರೆಲ್ಲ ಈ ಹವ್ಯಾಸದಲ್ಲಿ ಪಳಗಿದವರೇ. ದಕ್ಷಿಣಕ್ಕೆ ಬೆಂಗಳೂರಿನ ಬೆಳಕು, ನಡುವೆ ದೇವನಹಳ್ಳಿಯ ವಿಮಾನ ನಿಲ್ದಾಣ, ಕಾಂಪೌಂಡಿನಾಚೆ ಬೀದಿಯ ಎಲ್‌ಇಡಿ ದೀಪ. "ದೂರದರ್ಶಕ ಹೊತ್ತು ತಿರುಗಿಸುವ ಮೌಂಟಿಗೆ ಸುರಿಯುವ ದುಡ್ಡನ್ನು ಪೆಟ್ರೋಲಿಗೆ ಹಾಕಿ ಸರ್, ಬಾಗೇಪಲ್ಲಿಯ ಆಚೆ ಹೋಗಿ ತೆಗೆಯಿರಿ" ಎಂದರು ಒಬ್ಬರು. ಕಳೆದ ಚಳಿಗಾಲದ ಕೊನೆಗೆ ಅದೇ ಹಿತ್ತಲಿನಿಂದ ಮಿಥುನ ರಾಶಿಯ ಜೆಲ್ಲಿಫಿಶ್ ನೀಹಾರಿಕೆ, ಅಂದರೆ ಐಸಿ 443, ಅಂಚಿನ ಎಳೆಗಳ ಸಮೇತ ಬಂದಿದೆ. ಚಿತ್ರ ನೋಡಿದ ಮೇಲೆ ಅವರೇ ಫಿಲ್ಟರ್ ಯಾವುದೆಂದು ಕೇಳಿದರು.

ಸಲಕರಣೆ ದೊಡ್ಡದೇನಲ್ಲ: 150 ಎಂಎಂ ಎಫ್/5 ನ್ಯೂಟೋನಿಯನ್ (ಕನ್ನಡಿ ದೂರದರ್ಶಕ), ಎರಡನೇ ಕೈಯ ಇಕ್ಯು-5 ಮೌಂಟ್, ಸೆನ್ಸರ್ ಮುಂದಿನ ಫಿಲ್ಟರ್ ತೆಗೆಸಿದ ಹಳೆಯ ಕ್ಯಾನನ್ 600ಡಿ, ಅಂಚಿನ ನಕ್ಷತ್ರಗಳಿಗೆ ಬಾಲ ಬಾರದಂತೆ ತಡೆಯುವ ಕೋಮಾ ಕರೆಕ್ಟರ್, ನಕ್ಷತ್ರ ನೋಡಿ ಮೌಂಟಿನ ಚಲನೆ ತಿದ್ದುವ ಗೈಡ್ ಕ್ಯಾಮೆರಾ. ಮೌಂಟಿಗೆ ಐವತ್ತೈದು ಸಾವಿರ ಕೊಟ್ಟ ನೆನಪು. ಟ್ಯೂಬಿಗೆ ಮೂವತ್ತರ ಆಸುಪಾಸು. ಹೈಡ್ರೋಜನ್, ಆಮ್ಲಜನಕಗಳ ಬೆಳಕನ್ನಷ್ಟೇ ಬಿಡುವ 7 ನ್ಯಾನೋಮೀಟರಿನ ಎರಡು ಪಟ್ಟಿಯ ಫಿಲ್ಟರಿಗೆ ಇಪ್ಪತ್ತು ಸಾವಿರದ ಮೇಲೆ. ಇಷ್ಟರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಫಿಲ್ಟರನ್ನೇ ಉಳಿಸಿಕೊಳ್ಳುತ್ತೇನೆ.

ಮೊದಲ ತೊಡಕು ಫೋಕಸ್. ನೋಡುವುದಕ್ಕೆಂದು ಮಾಡಿದ ಟ್ಯೂಬು ಅದು. ಕ್ಯಾಮೆರಾ ಸಿಕ್ಕಿಸಿದರೆ ಫೋಕಸರ್ ಪೂರ್ತಿ ಒಳಗೆ ಹೋದರೂ ನಕ್ಷತ್ರ ಚುಕ್ಕೆಯಾಗುತ್ತಿರಲಿಲ್ಲ. ಬಾರ್ಲೋ (ಫೋಕಲ್ ದೂರ ಹೆಚ್ಚಿಸುವ ಮಸೂರ) ಹಾಕಿ ಎಂದವರ ಮಾತು ಕೇಳಿದ್ದರೆ ಎಫ್/10 ಆಗಿ, ಬೆಳಕು ತೆಳುವಾಗಿ, ಮಸುಕು ನೀಹಾರಿಕೆಯ ಆಸೆಯನ್ನೇ ಬಿಡಬೇಕಿತ್ತು. ಲೇತ್ ಅಂಗಡಿಯಲ್ಲಿ ಉದ್ದದ ಬೋಲ್ಟ್, ಗಟ್ಟಿ ಸ್ಪ್ರಿಂಗ್ ಮಾಡಿಸಿ ದೊಡ್ಡ ಕನ್ನಡಿಯನ್ನೇ ಸುಮಾರು ಮೂರು ಸೆಂಟಿಮೀಟರ್ ಮುಂದಕ್ಕೆ ತಂದೆ. ಖರ್ಚು ಆರುನೂರು ರೂಪಾಯಿ ಇರಬಹುದು. ಮೂಲೆಗಳಲ್ಲಿ ಬೆಳಕು ಸ್ವಲ್ಪ ಕುಗ್ಗಿತು, ಫ್ಲ್ಯಾಟ್ (ಸಮನಾದ ಬೆಳಕಿನಲ್ಲಿ ತೆಗೆದ ತಿದ್ದುಪಡಿಯ ಚಿತ್ರ) ಅದನ್ನು ಸರಿಮಾಡಿತು.

ನಿಜವಾದ ಕಾಟ ನಮ್ಮ ಅಕ್ಷಾಂಶದ್ದು. ಮೌಂಟಿನ ಅಕ್ಷ ಆಕಾಶದ ಧ್ರುವದ ಕಡೆ ಇರಬೇಕು. ಅದಕ್ಕೆಂದು 13 ಡಿಗ್ರಿಗೆ ಬಗ್ಗಿಸಿದರೆ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಉತ್ತರ ದೇಶದವರಿಗೆಂದು ಮಾಡಿದ ವಸ್ತು, ಅವರಿಗೆ ಈ ಕಷ್ಟ ಗೊತ್ತೇ ಇಲ್ಲ. ಟ್ರೈಪಾಡಿನ ಬದಲು ಮೌಂಟ್ ಕೂರಿಸುವ ಕಬ್ಬಿಣದ ಕಂಬಕ್ಕೆ (ಪಿಯರ್) ಬೆಂಗಳೂರಿನಲ್ಲಿ ಕೇಳಿದ ದರ ಹದಿನೆಂಟು ಸಾವಿರ. ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆ ನಿಲ್ಲಿಸುವ ಕಲ್ಲುಕಂಬಗಳು ಎಲ್ಲರಿಗೂ ಗೊತ್ತು. ಬೆಳೆ ಕೈಬಿಟ್ಟ ರೈತರೊಬ್ಬರ ತೋಟದಲ್ಲಿ ದಪ್ಪನೆಯದೊಂದನ್ನು ಆರಿಸಿಕೊಂಡೆ. ಕಂಬಕ್ಕೆ ಎಂಟುನೂರು, ಟ್ರ್ಯಾಕ್ಟರ್ ಬಾಡಿಗೆ ಅದಕ್ಕಿಂತ ಹೆಚ್ಚು, ತಲೆಯ ಮೇಲೆ ನಾಲ್ಕು ತೂತು ಕೊರೆದ ಕಲ್ಲುಕುಟಿಗರಿಗೆ ಇನ್ನೊಂದಿಷ್ಟು. ಮೂರು ಅಡಿ ಗುಂಡಿ, ಸುತ್ತ ಜಲ್ಲಿ ಕಾಂಕ್ರೀಟು. "ಕಲ್ಲು ಅದುರುತ್ತದೆ" ಎಂದವರು ಬಂದು ನೋಡಲಿ: ಟ್ರೈಪಾಡಿನ ಮೇಲೆ ಎರಡೂವರೆ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಭಾಗ ಒಂದು ಆರ್ಕ್‌ಸೆಕೆಂಡ್) ಇದ್ದ ಗೈಡಿಂಗ್ ದೋಷ ಈಗ ಒಂದರ ಆಚೀಚೆ ಇದೆ. ಕಂಬಕ್ಕೂ ಮೌಂಟಿಗೂ ನಡುವೆ ಏನು ಹಾಕಿದ್ದೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಧ್ರುವ ನಕ್ಷತ್ರ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಅಡಗಿದೆ. ನನ್ನ ಹಿತ್ತಲಿಗೆ ಅದು ಕಾಣುವುದೇ ಇಲ್ಲ. ಪಿಎಚ್‌ಡಿ2 ತಂತ್ರಾಂಶದಲ್ಲಿ, ನಕ್ಷತ್ರ ಸರಿಯುವುದನ್ನು ನೋಡಿ ಅಕ್ಷ ಹೊಂದಿಸುವ ಡ್ರಿಫ್ಟ್ ಅಲೈನ್‌ಮೆಂಟ್ ಮಾಡಿದೆ. ಮೊದಲ ಸಲ ಅರ್ಧ ರಾತ್ರಿ ಹಿಡಿಯಿತು. ಆದರೆ ಕಂಬ ಅಲ್ಲಾಡುವುದಿಲ್ಲವಲ್ಲ, ಒಮ್ಮೆ ಮಾಡಿದ್ದು ತಿಂಗಳುಗಟ್ಟಲೆ ನಿಂತಿತು. ಅಕ್ಷಾಂಶದಿಂದ ಲಾಭವೂ ಇದೆ: ಐಸಿ 443 ನಮ್ಮಲ್ಲಿ 80 ಡಿಗ್ರಿಗೂ ಮೇಲೆ, ಬೆಂಗಳೂರಿನ ಬೆಳಕಿನಿಂದ ದೂರ, ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ಟ್ಯೂಬಿನ ಬಾಲ ಕಂಬಕ್ಕೆ ತಾಗುವ ಭಯ ಇರುವುದರಿಂದ ಸ್ವಲ್ಪ ಮೊದಲೇ ಟ್ಯೂಬನ್ನು ಮೌಂಟಿನ ಇನ್ನೊಂದು ಪಕ್ಕಕ್ಕೆ ತಿರುಗಿಸುತ್ತೇನೆ.

ಇಬ್ಬನಿ ಬಹಳ ರಾತ್ರಿಗಳನ್ನು ತಿಂದಿತು. ಜನವರಿಯಲ್ಲಿ ಎರಡು ಗಂಟೆಯಾಗುವಷ್ಟರಲ್ಲಿ ಚಿಕ್ಕ ಕನ್ನಡಿ ಮಂಜಾಗಿ, ಆಮೇಲಿನ ಫ್ರೇಮುಗಳೆಲ್ಲ ವ್ಯರ್ಥ. ಹೇರ್ ಡ್ರೈಯರ್ ಹಿಡಿದರೆ ಕನ್ನಡಿ ಬಿಸಿಯಾಗಿ ನಕ್ಷತ್ರಗಳು ಊದಿಕೊಳ್ಳುತ್ತವೆ. ಕನ್ನಡಿಯ ಬೆನ್ನಿಗೆ ನಾಲ್ಕು ರೆಸಿಸ್ಟರ್ ಅಂಟಿಸಿ 12 ವೋಲ್ಟ್ ಬ್ಯಾಟರಿಯಿಂದ ಒಂದು ವ್ಯಾಟಿನಷ್ಟು ಕೊಟ್ಟೆ, ಸಾಕಾಯಿತು.

ನಡುವೆ ಒಂದು ಪರೀಕ್ಷೆ. ನಮ್ಮ ಬಡಾವಣೆಯ ಹಿಂದೆ ಸೇವಂತಿಗೆ ಹಾಕಿದ್ದಾರೆ. ಗಿಡ ಎಳೆಯದಿರುವಾಗ ಬೇಗ ಮೊಗ್ಗು ಕಟ್ಟದಿರಲೆಂದು ರಾತ್ರಿ ಕೆಲವು ಗಂಟೆ ಹೊಲದ ತುಂಬ ಬಲ್ಬು ಉರಿಸುತ್ತಾರೆ. ಇದೇ ಜಿಲ್ಲೆಯ ಗೌರಿಬಿದನೂರಿನ ರೇಡಿಯೊ ದೂರದರ್ಶಕಕ್ಕೆ ಇಂಥ ಬೆಳಕು ಲೆಕ್ಕಕ್ಕಿಲ್ಲ, ನಮಗೆ ಇದೆ. ಬಲ್ಬು ಉರಿಯುತ್ತಿದ್ದಾಗ ಫಿಲ್ಟರ್ ಇಲ್ಲದೆ ಒಂದು ನಿಮಿಷಕ್ಕೇ ಹಿಸ್ಟೋಗ್ರಾಂ (ಚಿತ್ರದ ಹೊಳಪು ತೋರುವ ನಕ್ಷೆ) ಅರ್ಧ ದಾಟಿತು. ಫಿಲ್ಟರ್ ಹಾಕಿ ಐದು ನಿಮಿಷ ತೆರೆದರೂ ಕಾಲು ಭಾಗಕ್ಕೆ ಬರಲಿಲ್ಲ. ಅದೇ ಧೈರ್ಯದಲ್ಲಿ ಮಾರ್ಚ್‌ನಲ್ಲಿ ಕ್ಯಾರಿನಾ ನೀಹಾರಿಕೆಗೂ ತಿರುಗಿಸಿದೆ. ಅದು ನಮಗೆ 17 ಡಿಗ್ರಿಗಿಂತ ಮೇಲೇರದು, ಅದೂ ಬೆಂಗಳೂರಿನ ದಿಕ್ಕಿನಲ್ಲೇ. ಹೈಡ್ರೋಜನ್ ಆಲ್ಫಾ, ಅಂದರೆ ಹೈಡ್ರೋಜನ್ನಿನ ಕೆಂಪು ಬೆಳಕು, ಚೆನ್ನಾಗಿ ಬಂತು, ಆಮ್ಲಜನಕದ ಪಟ್ಟಿ ಬೆಳಕಿನಲ್ಲಿ ಮುಳುಗಿಹೋಯಿತು.

ಕೊನೆಗೆ ಗೆದ್ದದ್ದು ಗಂಟೆಗಳು. ಐಎಸ್‌ಒ 800, ಐದೈದು ನಿಮಿಷದ ಫ್ರೇಮುಗಳು, ಡಿಸೆಂಬರಿನಿಂದ ಫೆಬ್ರವರಿವರೆಗೆ ಮೋಡ ಬಿಟ್ಟ ರಾತ್ರಿಗಳಲ್ಲೆಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನೀಹಾರಿಕೆ ಒಂದು ಕೆಂಪು ಕಲೆ, ಅಷ್ಟೇ. ನನಗೆ ಬುದ್ಧಿ ಹೇಳಿದವರು ಮೊದಲು ನೋಡಿದ್ದು ಆ ಚಿತ್ರವನ್ನು. ಹದಿನೆಂಟು ಗಂಟೆ ಸೇರಿದಾಗ ಒಳಗಿನ ನೂಲುಗಳು ಒಂದೊಂದಾಗಿ ಬಿಡಿಸಿಕೊಂಡವು. ವಿಮಾನಗಳ ಗೆರೆ ಪ್ರತಿ ರಾತ್ರಿಯೂ ಇದ್ದವು. ಫ್ರೇಮು ಇಷ್ಟಿದ್ದರೆ ಸಿರಿಲ್ ತಂತ್ರಾಂಶದ ಸಿಗ್ಮಾ ರಿಜೆಕ್ಷನ್ (ಉಳಿದ ಫ್ರೇಮುಗಳಿಗೆ ಹೊಂದದ್ದನ್ನು ಬಿಡುವ ವಿಧಾನ) ಅವನ್ನು ಪೂರ್ತಿ ಅಳಿಸುತ್ತದೆ. ಎರಡು ಪಟ್ಟಿಗಳನ್ನು ಬೇರೆ ಮಾಡಿ, ನಕ್ಷತ್ರ ತೆಗೆದು, ಮತ್ತೆ ಬೆರೆಸಿದೆ. ಬೆರೆಸುವ ಪ್ರಮಾಣ ನನ್ನದೇ, ಅದು ನನ್ನಲ್ಲೇ ಇರಲಿ.

ಈ ಚಳಿಗಾಲಕ್ಕೆ ಸಿಮೆಯಿಸ್ 147, ಸಿಡಿದ ನಕ್ಷತ್ರವೊಂದರ ಅವಶೇಷ. ಮೂರು ಡಿಗ್ರಿ ಅಗಲದ ಅದನ್ನು ಈ ಟ್ಯೂಬಿನಲ್ಲಿ ತುಂಡು ತುಂಡಾಗಿ ಹಿಡಿಯುವುದು ಆಗದ ಮಾತು. ಅದೇ ಕಂಬದ ಮೇಲೆ 135 ಎಂಎಂ ಲೆನ್ಸ್ ಕೂರಿಸುತ್ತೇನೆ. ಎಫ್/2ರಲ್ಲಿ ಫಿಲ್ಟರಿನ ಪಟ್ಟಿ ಸರಿದುಹೋಗುವುದರಿಂದ ಎಫ್/4ಕ್ಕೆ ಇಳಿಸಬೇಕು. ಮೂವತ್ತು ಗಂಟೆಯಾದರೂ ಬೇಕಾದೀತು.