ದಿನಕ್ಕೆ ಎರಡೇ ತಾಸು ಏಳುವ ನ್ಯಾಸ್: ಕಲಬುರಗಿ ಬಿಸಿಲಿನಲ್ಲಿ ನನ್ನ ಬ್ಯಾಕಪ್

ಬ್ಯಾಕಪ್‌ಗೆ ನ್ಯಾಸ್ (ಮನೆಯ ಎಲ್ಲ ಪಿಸಿಗಳೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಡಬ್ಬಿ) ಇಡಬೇಕೋ, ಎಕ್ಸ್‌ಟರ್ನಲ್ ಡ್ರೈವ್ ಸಾಕೋ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ. ಎರಡೂ ಇರಲಿ, ಆದರೆ ದಿನದ ಹೆಚ್ಚು ಹೊತ್ತು ಎರಡೂ ಬಂದ್ ಇರಲಿ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಇದನ್ನು ಕೇಳಿ ನಕ್ಕಿದ್ದ. "ಬಂದ್ ಇಡೋದಕ್ಕ ನ್ಯಾಸ್ ಯಾಕ ಬೇಕಲೇ? ಎರಡು ಡ್ರೈವ್ ತಗೊಂಡು ಸುಮ್ನಿರು." ಅದಾಗಿ ಎರಡು ಬೇಸಿಗೆ ದಾಟಿವೆ, ಒಂದು ಫೈಲೂ ಹೋಗಿಲ್ಲ.

ಬರೀ ಎಕ್ಸ್‌ಟರ್ನಲ್ ಡ್ರೈವ್ ನಂಬಿದ್ದ ಕಾಲವೂ ಇತ್ತು. ನನ್ನದು ಮದುವೆ ವಿಡಿಯೋ ಎಡಿಟಿಂಗ್ ಡೆಸ್ಕ್‌ಟಾಪ್, ಹೆಂಡತಿಯದು ಶಾಲೆ ಕೆಲಸದ ಲ್ಯಾಪ್‌ಟಾಪ್, ಮಗನದು ಇನ್ನೊಂದು. ಎಲ್ಲ ಸೇರಿ ಎರಡು ಟಿಬಿ ಮೇಲೆ. ಸಣ್ಣ ಎಕ್ಸ್‌ಟರ್ನಲ್ ಡ್ರೈವ್‌ಗಳ ವಿವರಪಟ್ಟಿ ನೋಡಿದರೆ, ಹಲವಕ್ಕೆ ಸುತ್ತಲಿನ ಬಿಸಿ 35 ಡಿಗ್ರಿ ದಾಟಬಾರದು ಅಂತಿರುತ್ತದೆ. ನಮ್ಮೂರಲ್ಲಿ ಮೇ ತಿಂಗಳೆಂದರೆ 42, 43. ಸ್ಲ್ಯಾಬಿನ ಕೆಳಗಿನ ಕೋಣೆ ರಾತ್ರಿ ಹತ್ತಕ್ಕೂ ಕಾದೇ ಇರುತ್ತದೆ. ಕಾಪಿ ಸೆಕೆಂಡಿಗೆ 110 ಎಂಬಿಯಲ್ಲಿ ಶುರುವಾಗಿ ಕೊನೆಗೆ 20ಕ್ಕೆ ಇಳಿಯುತ್ತಿತ್ತು. ಅದರಲ್ಲಿ ಅರ್ಧ ಎಸ್‌ಎಂಆರ್ ಡಿಸ್ಕಿನ ಗುಣ; ಅದರಲ್ಲಿ ಡೇಟಾ ಗೆರೆಗಳು ಒಂದರ ಮೇಲೊಂದು ಹೊದ್ದಿರುತ್ತವೆ, ಹಾಗಾಗಿ ದೊಡ್ಡ ಕಾಪಿ ನಿಧಾನ ಆಗುತ್ತದೆ. ಆಮೇಲೆ ಡ್ರೈವ್ ತಾನಾಗೇ ಕಳಚಿಕೊಳ್ಳುತ್ತಿತ್ತು. ಒಂದಂತೂ ಪೂರ್ತಿ ಸತ್ತಿತು. ಹೈದರಾಬಾದಿನಲ್ಲಿ ಡೇಟಾ ತೆಗೆದುಕೊಡಲು ಇಪ್ಪತ್ತು ಸಾವಿರದ ಹತ್ತಿರ ಕೇಳಿದರು. ಬಿಟ್ಟುಬಿಟ್ಟೆ.

ನಡುವೆ ಡ್ರೈವನ್ನು ಕೂಲರ್ ಮುಂದೆ ಇಟ್ಟೂ ನೋಡಿದೆ. ತಣ್ಣಗೇನೋ ಆಯಿತು, ಒಂದೇ ಸೀಸನ್‌ನಲ್ಲಿ ಯುಎಸ್‌ಬಿ ಬಾಯಿ ತುಕ್ಕು ಹಿಡಿಯಿತು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಎರಡು ಡ್ರೈವ್ ಹಚ್ಚಿದೆ. ಅದರ ಪೋರ್ಟಿಗೆ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ. ಒಂದು ತಿರುಗಿದರೆ ಇನ್ನೊಂದು ಬೀಳುತ್ತದೆ.

ಎರಡು ಡಿಸ್ಕ್ ಕೂರುವ ಹೊಸ ನ್ಯಾಸ್, ಡಿಸ್ಕ್ ಸಮೇತ ನಲವತ್ತು ಸಾವಿರ ಅಂದರು. ಅಷ್ಟು ಕೊಟ್ಟು ರೇಡ್ (ಒಂದು ಡಿಸ್ಕಿನಲ್ಲಿ ಬರೆದದ್ದನ್ನು ಅದೇ ಕ್ಷಣ ಇನ್ನೊಂದರಲ್ಲೂ ಬರೆಯುವ ಜೋಡಣೆ) ಹಾಕಿದರೂ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಹಾಗಾಗಿ ಒಂದು ಹಳೆ ಆಫೀಸ್ ಪಿಸಿ ತಂದೆ, ನಾಲ್ಕನೇ ಜನರೇಶನ್ ಐ3, ನಾಲ್ಕೂವರೆ ಸಾವಿರ. ನಾಲ್ಕು ಟಿಬಿಯ ಎರಡು ಡಿಸ್ಕ್, ಸಣ್ಣ ಯುಪಿಎಸ್, ಪಿಸಿಯನ್ನೇ ನ್ಯಾಸ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಓಪನ್‌ಮೀಡಿಯಾವಾಲ್ಟ್. ಒಟ್ಟು ಇಪ್ಪತ್ತೆಂಟು ಸಾವಿರದ ಆಸುಪಾಸು. ರೇಡ್ ಹಾಕಲಿಲ್ಲ. ಮೊದಲ ಡಿಸ್ಕಿಗೆ ದಿನಾ ಕಾಪಿ, ಎರಡನೆಯದಕ್ಕೆ ವಾರಕ್ಕೊಮ್ಮೆ.

ಇಪ್ಪತ್ನಾಲ್ಕು ತಾಸು ಓಡಿಸಿದಾಗ ತಿಂಗಳಿಗೆ ಮೂವತ್ತು ಯೂನಿಟ್ ಮೇಲೆ ತಿಂದಿತು. ಗೃಹಜ್ಯೋತಿಯಲ್ಲಿ ನಮಗೆ ಪುಕ್ಕಟೆ ಸಿಗುವುದು ಹಳೆ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10 ಮಾತ್ರ, ಅಲ್ವಾ? ಬಿಲ್ ನೋಡಿ ಮನೆಯಲ್ಲಿ "ಈ ಡಬ್ಬಿ ಏನ್ ತಿಂತದ್ರೀ?" ಅಂತ ಕೇಳಿದರು. ಆಗ ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್) ಆರ್‌ಟಿಸಿ ಅಲಾರಂ ಹಾಕಿದೆ, ಅಂದರೆ ಹೇಳಿದ ಹೊತ್ತಿಗೆ ಪಿಸಿ ತಾನೇ ಶುರುವಾಗುತ್ತದೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತದೆ, ಡೆಸ್ಕ್‌ಟಾಪನ್ನು ಲ್ಯಾನ್ ಮೂಲಕ ಎಬ್ಬಿಸುತ್ತದೆ, ಬದಲಾದ ಫೈಲಷ್ಟನ್ನೇ ಕಾಪಿ ಮಾಡುವ ಆರ್‌ಸಿಂಕ್‌ನಲ್ಲಿ ಎಳೆದುಕೊಂಡು ಐದೂವರೆಯೊಳಗೆ ತಾನೇ ಮಲಗುತ್ತದೆ. ಚಾರ್ಜಿಗೆ ಹಚ್ಚಿಟ್ಟ ಲ್ಯಾಪ್‌ಟಾಪ್‌ಗಳು ವೇಕ್ ಟೈಮರ್‌ನಿಂದ ಏಳುತ್ತವೆ. ಕಲಬುರಗಿಯಲ್ಲಿ ಮನೆ ಸ್ವಲ್ಪ ತಣ್ಣಗಿರುವುದು ಆ ಹೊತ್ತಿನಲ್ಲೇ. ಡಬ್ಬಿ ಕೆಳಗಿನ ಒಳಕೋಣೆಯಲ್ಲಿ ಶಹಾಬಾದ್ ಪರ್ಸಿ ಕಲ್ಲಿನ ನೆಲದ ಮೇಲಿದೆ. ಡಿಸ್ಕ್ 45 ಡಿಗ್ರಿ ದಾಟಿದ್ದು ನಾನು ನೋಡಿಲ್ಲ.

ಶುರುವಿನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಏಳುತ್ತಲೇ ಇರಲಿಲ್ಲ. ಇನ್ವರ್ಟರ್ ಮೇಲೆ ಅನುಮಾನಪಟ್ಟೆ, ಅದನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದೆ. ಕೊನೆಗೆ ನೋಡಿದರೆ ಮದರ್‌ಬೋರ್ಡಿನ ಸೆಲ್ ಸತ್ತು ಗಡಿಯಾರ ಹಿಂದೆ ಹೋಗಿತ್ತು. ಮೂವತ್ತು ರೂಪಾಯಿ ಸೆಲ್! ವೇಗದ ಕಥೆಯೂ ಹಾಗೇ. ಗೋಡೆಯೊಳಗಿನ ಹಳೆ ಲ್ಯಾನ್ ಕೇಬಲ್‌ನಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರು, ಅದಕ್ಕೇ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಎಂಟೂ ತಂತಿ ಕೂಡಿಸಿದ ಮೇಲೆ 100 ದಾಟಿತು.

ಎಳೆದುಕೊಳ್ಳುವುದು ಡಬ್ಬಿಯೇ, ಪಿಸಿಗಳಿಗೆ ಅದರ ಪಾಸ್‌ವರ್ಡ್ ಗೊತ್ತಿಲ್ಲ. ಪಿಸಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಕ್ಕರೂ ಡಬ್ಬಿಗೆ ಕೈ ಹಾಕುವುದು ಕಷ್ಟ. ಒಂದೇ ರಾತ್ರಿ ಅತಿ ಜಾಸ್ತಿ ಫೈಲ್ ಬದಲಾದರೆ ಕೆಲಸ ನಿಲ್ಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಬರೆದಿದ್ದೇನೆ. ಅದರ ಲೆಕ್ಕ ಮಾತ್ರ ಇಲ್ಲಿ ಬಿಚ್ಚಿಡಲ್ಲ.

ಎಕ್ಸ್‌ಟರ್ನಲ್ ಡ್ರೈವ್ ಈಗಲೂ ಎರಡಿವೆ, ಎರಡೂ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಸ್ವಂತ ಫಾರ್ಮ್ಯಾಟ್. ಡಬ್ಬಿ ಕೆಟ್ಟರೆ ಅದರ ಲಿನಕ್ಸ್ ಡಿಸ್ಕನ್ನು ವಿಂಡೋಸ್ ಸುಮ್ನೆ ಓದುವುದಿಲ್ಲ, ಇವನ್ನು ಯಾವ ಪಿಸಿಗಾದರೂ ಚುಚ್ಚಬಹುದು. ತಿಂಗಳಿಗೊಮ್ಮೆ ಬೆಳಗ್ಗೆ ಒಂದಕ್ಕೆ ಕಾಪಿ ಮಾಡುತ್ತೇನೆ. ಇನ್ನೊಂದು ಆಳಂದದಲ್ಲಿ ಅಕ್ಕನ ಮನೆಯ ಅಲ್ಮಾರಿಯಲ್ಲಿರುತ್ತದೆ. ಹೋದಾಗ ಬದಲಿಸಿಕೊಂಡು ಬರುತ್ತೇನೆ. ಅಲ್ಮಾರಿಗೆ ಎಸ್‌ಎಸ್‌ಡಿ ಬೇಡ. ಬರೆದು ಬರೆದು ಸವೆದದ್ದನ್ನು ಕರೆಂಟಿಲ್ಲದೆ ಈ ಬಿಸಿಯಲ್ಲಿ ಇಟ್ಟರೆ ಡೇಟಾ ಮೆಲ್ಲಗೆ ಸೋರುತ್ತದೆ.

ಕಳೆದ ಬೇಸಿಗೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಸತ್ತಿತು, ಅದೂ ರಿಸಲ್ಟ್ ಪಟ್ಟಿ ಕೊಡುವ ವಾರ. ಹೊಸದು ಹಾಕಿ, ವಿಂಡೋಸ್ ಏರಿಸಿ, ಮುನ್ನೂರು ಜಿಬಿ ವಾಪಸ್ ತಂದೆ. ಕಾಪಿಗೆ ಒಂದು ತಾಸೂ ಹಿಡಿಯಲಿಲ್ಲ. ಅಂಗಡಿ ಗೆಳೆಯ ಈಗ ತನ್ನ ಬಿಲ್ಲಿಂಗ್ ಪಿಸಿಗೂ ಇಂಥದ್ದೇ ಮಾಡಿಕೊಡು ಅನ್ನುತ್ತಿದ್ದಾನೆ. ಡಿಸ್ಕ್ ಅವನ ಅಂಗಡಿಯದೇ, ಆದರೆ ಆ ಸ್ಕ್ರಿಪ್ಟಿಗೆ ರೇಟ್ ಇನ್ನೂ ಕುದುರಿಲ್ಲ.